ಪಡುವಣ ಗಾಳಿಯ ಪತಂಗಗಳು

ಶಿಷ್ಯನೊಬ್ಬನು ಗುರುಗಳನ್ನು ಕೇಳಿದನು: "ಸಹಪಾಠಿಯ ಮೇಲಿನ ಅಸೂಯೆಯಿಂದ, ಮಠಕ್ಕೆ ಬಂದ ಯಾತ್ರಿಕರ ಮುಂದೆ ಅವನ ಬಗೆಗೆ ಇಲ್ಲದ್ದನ್ನು ಆಡಿದೆ. ಅವರು ಈ ಮುಂಜಾನೆ ಹೊರಟುಹೋದರು; ಮಾತೂ ಅವರೊಡನೆ ಹೋಯಿತು. ಇಲ್ಲಿ ಯಾರಿಗೂ ಕೇಡಾಗಲಿಲ್ಲ. ಇನ್ನು ಪ್ರಾಯಶ್ಚಿತ್ತವೇಕೆ, ಗುರುಗಳೇ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದನು. ಒಂದು ಮುಂಗಾರಿನಲ್ಲಿ ಅವನ ಜೋಳದ ಪೈರನ್ನು ಹುಳು ಬುಡದವರೆಗೂ ಮೇಯ್ದು, ಕೋಶ ಕಟ್ಟಿಕೊಳ್ಳಲು ಮಣ್ಣಿಗಿಳಿಯಿತು. ಅಂಥ ಹೊಲವನ್ನು ಒಡನೆಯೇ ಆಳವಾಗಿ ಉಳುವುದು ಆ ಊರಿನ ವಾಡಿಕೆ. ನೇಗಿಲು ಮೇಲೆತ್ತಿದ ಕೋಶಗಳನ್ನು ಕಾಗೆ ಗೊರವಂಕಗಳು ಹೆಕ್ಕಿ ತಿನ್ನುತ್ತಿದ್ದವು. ಆದರೆ ರೈತನ ಬಳಿ ಮರುಬಿತ್ತನೆಗೆ ಬೀಜವಿರಲಿಲ್ಲ. ಬಿತ್ತದ ಹೊಲಕ್ಕೆ ಉಳುಮೆಯೇಕೆಂದು ಎತ್ತುಗಳನ್ನು ಕೊಟ್ಟಿಗೆಯಲ್ಲೇ ಬಿಟ್ಟನು. ನೆರೆಯವನು ಎಚ್ಚರಿಸಿದಾಗ ನಕ್ಕು ಹೇಳಿದನು: "ತಿನ್ನಲು ನನ್ನಲ್ಲಿ ಇನ್ನೇನು ಉಳಿದಿದೆ, ಮಾವ? ನೆಂಟರ ಊಟ ಮುಗಿಯಿತು. ರೆಕ್ಕೆ ಬಂದೊಡನೆ ತಾವೇ ಹೊರಡುತ್ತಾರೆ."

ಹಾಗೆಯೇ ಆಯಿತು. ಪಕ್ಷ ಕಳೆದು ಒಂದು ಸಂಜೆ, ಬೂದಿಬಣ್ಣದ ಪತಂಗಗಳು ಹೊಲದಿಂದ ಹೊಗೆಯಂತೆ ಎದ್ದವು. ಪಡುವಣ ಗಾಳಿ ಅವನ್ನು ಎತ್ತಿಕೊಂಡು ಮೂಡಣಕ್ಕೆ ನಡೆಯಿತು. ಪೀಡೆ ತೊಲಗಿತೆಂದು ರೈತನು ಗಡಿಕಲ್ಲಿಗೆ ಕಾಯಿ ಒಡೆದು ಕೈಮುಗಿದನು.

ಎರಡು ತಿಂಗಳಲ್ಲಿ ಅವನ ಕಣಜ ಬರಿದಾಯಿತು. ಮೂಡಣದಲ್ಲಿ, ಎಂಟು ದಿನಗಳ ದಾರಿಯಾಚೆ, ಮಗಳನ್ನು ಕೊಟ್ಟ ಊರು. ಅಲ್ಲಿ ಎಂದೂ ಕಾಳಿಗೆ ಕೊರತೆಯಿರಲಿಲ್ಲ. ಮಗಳು ತಂದೆಯನ್ನು ಬರಿಗೈಯಲ್ಲಿ ಕಳುಹಿಸಲಾರಳೆಂದು ನಂಬಿ, ಖಾಲಿ ಚೀಲವನ್ನು ಹೆಗಲಿಗೇರಿಸಿ ನಡೆದನು. ಊರು ಸೇರಿದಾಗ ಹೊಲಗಳಲ್ಲಿ ದಂಟಿನ ಮೋಟುಗಳಷ್ಟೇ ನಿಂತಿದ್ದವು.

ಮಗಳು ಕಾಲಿಗೆ ನೀರು ಕೊಟ್ಟಳು. ಬಿತ್ತನೆಗೆಂದು ಕಟ್ಟಿಟ್ಟಿದ್ದ ಜೋಳವನ್ನು ಬೀಸಿ, ಒಂದೇ ಒಂದು ರೊಟ್ಟಿ ತಟ್ಟಿ ಬಡಿಸಿದಳು. ಕಂಕುಳಲ್ಲಿದ್ದ ಕೂಸು ರೊಟ್ಟಿಯನ್ನೇ ನೋಡುತ್ತಿತ್ತು. ಅವಳೇ ಹೇಳಿದಳು:

"ಮೂರು ಇರುಳು ಪಡುವಣ ಗಾಳಿ ಬೀಸಿತು, ಅಪ್ಪ. ಬೆಳಗಾದರೆ ಹೊಲದ ತುಂಬ ಬೂದಿಬಣ್ಣದ ಪತಂಗ, ವಾರದೊಳಗೆ ಹುಳು. ಯಾವ ಪುಣ್ಯಾತ್ಮನು ಸಾಕಿ ಕಳುಹಿಸಿದನೋ."

ರೈತನು ರೊಟ್ಟಿಯನ್ನು ಕೂಸಿನ ಕಡೆಗೆ ಸರಿಸಿದನು.

ಕತೆ ಅಲ್ಲಿಗೆ ನಿಂತಿತು. ಗುರುಗಳು ಕೇಳಿದರು: "ಆ ಯಾತ್ರಿಕರು ಯಾವ ದಿಕ್ಕಿಗೆ ಹೋದರು?"