ಒಣದಂಟಿನ ಜಂಭ

ಆರ್ಕಿಡ್ ಕುಂಡವೊಂದರಲ್ಲಿ ಹಳೆಯ ಹೂದಂಟು ಒಣಗಿ ಕಡ್ಡಿಯಾಗಿತ್ತು. ಜಂಭ ಮಾತ್ರ ಇನ್ನೂ ಹಸಿಯಾಗಿಯೇ ಇತ್ತು ನೋಡಿ! ಅದರ ಬುಡದಲ್ಲಿ ಹುಟ್ಟಿದ ಹೊಸ ಮೊಗ್ಗಿನ ಕುಡಿ ತಲೆಯೆತ್ತಲು ಜಾಗವಿಲ್ಲದೆ ಸೊಟ್ಟಗಾಗುತ್ತಿತ್ತು. "ಅಜ್ಜಾ, ಸ್ವಲ್ಪ ದಾರಿ ಬಿಡಿ" ಎಂದು ಅದು ಬೇಡಿದರೆ, "ಹನ್ನೊಂದು ಹೂ ಹೊತ್ತವನು ನಾನು! ನೀನೆಷ್ಟು ಹೊತ್ತಿದ್ದೀಯೋ?" ಎಂದು ದಂಟು ಗದರುತ್ತಿತ್ತು.

ಒಂದು ಬೆಳಿಗ್ಗೆ, ಬೆಂಕಿಯಲ್ಲಿ ಬಾಯಿ ಕಾಯಿಸಿ ಶುದ್ಧಮಾಡಿಕೊಂಡು ಕತ್ತರಿ ಬಂತು. ದಂಟು ತಟ್ಟನೆ ಕುಂಡದಾಚೆ ಜೋತುಬಿದ್ದಿದ್ದ ಬೇರುಗಳನ್ನು ತೋರಿಸಿ, "ಕತ್ತರಿಯವರೇ, ಮೊದಲು ಈ ಬೀದಿಬಸವರನ್ನು ಕತ್ತರಿಸಿ. ಕುಂಡದೊಳಗೆ ಮರ್ಯಾದೆಯಿಂದ ಇರಲಾರದೆ ಗಾಳಿಗೆ ನೇತಾಡುತ್ತಿದ್ದಾರೆ!" ಎಂದಿತು.

ಕತ್ತರಿ ಒಂದು ಬೇರನ್ನು ಮೆಲ್ಲಗೆ ಒತ್ತಿತು. ಅದು ಗಟ್ಟಿಯಾಗಿ, ತುದಿಯಲ್ಲಿ ಹಸಿರಾಗಿತ್ತು. "ನಿನಗಿಲ್ಲಿ ಏನಯ್ಯಾ ಕೆಲಸ?"

"ಗಾಳಿಯ ತೇವ ಕುಡಿದು ಗಿಡಕ್ಕೆ ಕೊಡುತ್ತೇವೆ. ಅಜ್ಜ ಹೊತ್ತ ಹೂಗಳೂ ಆ ನೀರಿನಿಂದಲೇ ಅರಳಿದ್ದು" ಎಂದಿತು ಬೇರು.

ಕತ್ತರಿ ಈಗ ದಂಟನ್ನು ಒತ್ತಿತು. ಅದು ಚಟಕ್ಕೆಂದಿತು. "ತಮಗೇನು ಕೆಲಸ?"

"ನಾನು... ಅಂದರೆ, ಹಿಂದೆ..."

ಮಾತು ಮುಗಿಯುವಷ್ಟರಲ್ಲಿ ಬುಡದಲ್ಲಿ ಕಚಕ್ಕೆಂದು ಸದ್ದಾಯಿತು. ಮೊಗ್ಗಿನ ಕುಡಿ ನೆಟ್ಟಗೆ ನಿಂತಿತು.

ನೆಲಕ್ಕೆ ಬಿದ್ದರೂ ದಂಟು ಸುಮ್ಮನಿದ್ದೀತೇ? ದಾರಿಯಲ್ಲಿ ಬಂದ ಇರುವೆಸಾಲನ್ನು ತಡೆದು ತನ್ನ ದೊಡ್ಡಸ್ತಿಕೆ ಹೇಳತೊಡಗಿತು.

"ತಿನ್ನಲು ಏನಾದರೂ ಇದೆಯೇ?" ಎಂದು ಮುಂದಿನ ಇರುವೆ ಕೇಳಿತು.

"ಕೀರ್ತಿ ಇದೆ!"

ಇರುವೆಗಳು ಸುತ್ತುಹಾಕಿಕೊಂಡು ಹೋದವು.