ಮೀನಲ್ಲದ ಮೀನಿನ ವಾಸನೆ

ಆಶ್ರಮ ಯಾವ ನದಿಯ ದಂಡೆಯಲ್ಲಿತ್ತು ಎಂದು ಕೇಳಬೇಡಿ. ಕೇಳಿದವರಿಗೆಲ್ಲ ನಾನು ಒಂದೊಂದು ನದಿಯ ಹೆಸರು ಹೇಳಿಬಿಟ್ಟಿದ್ದೇನೆ. ವಾಸನೆಯ ವಿಷಯ ಮಾತ್ರ ಎಲ್ಲರಿಗೂ ಒಂದೇ ಹೇಳಿದ್ದೇನೆ.

ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಅಲ್ಲಿ ಮೀನಿನ ವಾಸನೆ ಬರುತ್ತಿತ್ತು.

ಈರುಳ್ಳಿಯನ್ನೂ ಒಳಗೆ ಬಿಡದ ಆಶ್ರಮ ಅದು.

ಹಿರಿಯ ಶಿಷ್ಯ ಕೊಟ್ರೇಶ ಗುರುಗಳ ಮುಂದೆ ಬಂದು ನಿಂತ. ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

“ಅಜ್ಜಾರ, ಹುಲಿಗೆಮ್ಮನ್ನ ಕಳಿಸಿಬಿಡೂಣ್ರಿ.”

ಹುಲಿಗೆಮ್ಮ ಅಡುಗೆಯವಳು. ಬಂದು ಮೂರು ತಿಂಗಳಾಗಿತ್ತು. ಹುಟ್ಟಿದ್ದು ಅಂಬಿಗರ ಮನೆಯಲ್ಲಿ, ಅಪ್ಪ ಬಲೆ ಬೀಸುತ್ತಿದ್ದವನು. ಗಂಡ ತೀರಿದ ಮೇಲೆ ಅವಳಿಗೆ ಆಶ್ರಮ ಬಿಟ್ಟರೆ ಬೇರೆ ಸೂರಿರಲಿಲ್ಲ.

“ಯಾಕ?”

“ಕದ್ದು ಮೀನು ಬೇಯಿಸ್ತಾಳ್ರಿ.”

“ನೋಡಿದಿ?”

“ಮೂಗಿಗೆ ಬಡಿಯೂದನ್ನ ಕಣ್ಣಿಲೆ ಏನು ನೋಡೂದ್ರಿ?”

“ಆಕಿನ್ನ ಕೇಳಿದಿ?”

“ಕೇಳೂದೇನೈತ್ರಿ. ತಾನ ಬಾಯಿ ಬಿಟ್ಲು. ಮೀನಿನ ವಾಸನಿ ನನಗ ಗೊತ್ತೈತಿ, ಇದು ಮೀನಲ್ಲ ಅಂದ್ಲು. ಗೊತ್ತೈತಿ ಅಂದ ಮ್ಯಾಲೆ ಒಪ್ಪಿಕೊಂಡಂಗ ಆತಲ್ರಿ.”

ಅಜ್ಜಾರು ಹೊಳೆಯ ಕಡೆಯಿಂದ ಅವನತ್ತ ತಿರುಗಿದರು.

“ಈ ಆಶ್ರಮದಾಗ ಮೀನು ಬಲ್ಲವರು ಎಷ್ಟು ಮಂದಿ?”

“ಆಕಿ ಒಬ್ಬಾಕಿ.”

“ಬಲ್ಲಾಕಿ ಅಲ್ಲ ಅಂತಾಳ. ಅರಿಯದ ನೀವೆಲ್ಲಾ ಹೌದು ಅಂತೀರಿ.”

ಕೊಟ್ರೇಶ ತಲೆ ತಗ್ಗಿಸಿದ. ಮಾತು ತಗ್ಗಿಸಲಿಲ್ಲ.

“ಆಕಿ ಬರೂಕಿಂತ ಮೊದಲು ವಾಸನಿ ಇರಲಿಲ್ರಿ. ಬಂದ ಮ್ಯಾಲೇ ಸುರು ಆತು.”

“ಆ ವಾರ ಮತ್ತ ಯಾರು ಬಂದ್ರು?”

“ಯಾರೂ ಬಂದಿಲ್ರಿ.”

“ನೆನಪು ಮಾಡ್ಕೊ.”

“ಭಕ್ತರು ದೊಡ್ಡ ಗ್ರೈಂಡರ್ ಕೊಟ್ರು. ನೀರು ಕಾಸೂ ಗೀಜರ್ ಕೊಟ್ರು. ಅವೇನು ಮೀನು ತಿಂತಾವೇನ್ರಿ?”

ಅಜ್ಜಾರು ನಗಲಿಲ್ಲ. ಎದ್ದು ಅಡುಗೆಮನೆಯ ಕಡೆ ನಡೆದರು.

ಬಾಗಿಲ ಬಳಿ ಒಂದು ಬಟ್ಟೆಯ ಗಂಟು ಇತ್ತು, ಪಕ್ಕದಲ್ಲಿ ಸಣ್ಣ ಟ್ರಂಕು. ಮಧ್ಯಾಹ್ನದೊಳಗೆ ಜಾಗ ಖಾಲಿ ಮಾಡು ಎಂದು ಕೊಟ್ರೇಶ ಅಜ್ಜಾರನ್ನು ಕೇಳುವುದಕ್ಕೂ ಮೊದಲೇ ಅವಳಿಗೆ ಹೇಳಿಯಾಗಿತ್ತು. ಅಜ್ಜಾರು ಗಂಟು ನೋಡಿದರು. ಕೊಟ್ರೇಶ ಗೋಡೆ ನೋಡಿದ.

ಒಳಗೆ ಗ್ರೈಂಡರ್ ತಿರುಗುತ್ತಿತ್ತು. ಹೋಗುವವಳು ಮಧ್ಯಾಹ್ನದ ಪ್ರಸಾದಕ್ಕೆ ರುಬ್ಬಿಟ್ಟು ಹೋಗೋಣವೆಂದು ನಿಂತಿದ್ದಳು.

“ಹುಲಿಗೆಮ್ಮವ್ವ, ಅದು ಮೀನಲ್ಲಂದ್ರ ಮತ್ತೇನವ್ವ?”

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು.

“ಏನಂತ ತಿಳೀವಲ್ದ್ರಿ. ಹಸಿ ಮೀನು ಬ್ಯಾರೆ, ಒಣ ಮೀನು ಬ್ಯಾರೆ, ಸುಟ್ಟಿದ್ದು ಬ್ಯಾರೆ. ಇದು ಮೂರೂ ಅಲ್ಲ. ಒಲಿ ಹಚ್ಚದಾಗೂ ಬರತೈತಿ. ಗ್ರೈಂಡರ್ ತಿರುಗಿತು ಅಂದ್ರ ಈ ಗ್ವಾಡಿ ಕಡಿಂದ ಬರತೈತಿ.”

“ಈ ಗ್ವಾಡಿ ವಿಷಯ ಇಷ್ಟು ದಿನ ಯಾರಿಗೂ ಹೇಳಲಿಲ್ಲ?”

“ಮೀನಿನ ಮಾತು ನಾ ಎತ್ತಿದ್ರ ಏನಂತಾರಂತ ಗೊತ್ತಿತ್ರಿ.”

ಅವಳು ತೋರಿಸಿದ ಗೋಡೆಯ ಮೇಲೆ ಒಂದು ಹಳೆಯ ಮರದ ಪೆಟ್ಟಿಗೆ ಇತ್ತು. ಆಶ್ರಮಕ್ಕೆ ಮೊದಲ ಸಲ ಕರೆಂಟು ಬಂದಾಗ ಕೂರಿಸಿದ ಫ್ಯೂಸ್ ಬೋರ್ಡು ಅದರೊಳಗೆ. ಚೆಂದ ಕಾಣಲೆಂದು ಯಾರೋ ಮೇಲೊಂದು ಕ್ಯಾಲೆಂಡರ್ ನೇತುಹಾಕಿದ್ದರು. ಅಜ್ಜಾರು ಅದನ್ನು ತೆಗೆದು ತಿರುಗಿಸಿದರು. ಹಿಂಬದಿ ಚಹಾ ಚೆಲ್ಲಿದಂತೆ ಕಂದಾಗಿತ್ತು.

“ಪೆಟಗಿ ಮ್ಯಾಲೆ ಕೈ ಇಡು.”

ಕೊಟ್ರೇಶ ಮರದ ಬಾಗಿಲ ಮೇಲೆ ಅಂಗೈ ಇಟ್ಟ. ಸರಕ್ಕನೆ ತೆಗೆದ. ಹಂಚಿನಿಂದ ಆಗಷ್ಟೇ ಇಳಿಸಿದ ರೊಟ್ಟಿಯ ಹಾಗಿತ್ತು. ಒಳಗಿನಿಂದ ಜೀರುಂಡೆಯಂಥ ಸದ್ದು ಬರುತ್ತಿತ್ತು.

“ಕರೆಂಟಿನ ಸೇವಾ ಯಾರದು?”

“ನಂದ್ರಿ.”

“ಫ್ಯೂಸ್ ಹೋಗತಾವೇನು?”

ಕೊಟ್ರೇಶನ ಕತ್ತು ನೆಟ್ಟಗಾಯಿತು.

“ಗ್ರೈಂಡರ್ ಬಂದ ಹೊಸದಾಗಿ ದಿನಾ ಹೋಗತಿತ್ರಿ. ನಿಮ್ಮ ಪ್ರವಚನದ ನಡುವ ಫ್ಯಾನ್ ನಿಂತು ಮಂದಿಯೆಲ್ಲಾ ನನ್ನ ಕಡೆ ಹೊರಳಿ ನೋಡವರು. ಅದಕ್ಕೊಂದು ದಾರಿ ಮಾಡಿದೆ. ಎರಡೂವರಿ ತಿಂಗಳಾತು, ಒಮ್ಮೆನೂ ಹೋಗಿಲ್ಲ.”

“ಏನು ದಾರಿ?”

ಕತ್ತು ಮತ್ತೆ ಬಾಗಿತು.

“ಮೇನ್ ಆಫ್ ಮಾಡಿ ತೋರಿಸು.”

ಮೇನ್ ಆಫ್ ಆಯಿತು. ಗ್ರೈಂಡರ್ ನಿಂತಿತು. ಎಷ್ಟೋ ದಿನದ ಮೇಲೆ ಅಡುಗೆಮನೆಗೆ ಹೊಳೆಯ ಸದ್ದು ಕೇಳಿಸಿತು.

ಕೊಟ್ರೇಶ ಪಿಂಗಾಣಿಯ ಫ್ಯೂಸ್ ಒಂದನ್ನು ಎಳೆದು ತೆಗೆದ. ಕೂದಲೆಳೆಯಂಥ ತಂತಿ ಇರಬೇಕಾದ ಕಡೆ ಮೂರೆಳೆ ತಾಮ್ರ ಹುರಿಗೊಂಡಿತ್ತು. ಪಿಂಗಾಣಿ ಸೀಳಿತ್ತು. ಅದು ಕೂತಿದ್ದ ಬುಡ ಕರಕಲಾಗಿ ಉಬ್ಬಿತ್ತು.

ಹುಲಿಗೆಮ್ಮ ಮೂಗಿಗೆ ಸೆರಗು ಹಿಡಿದಳು.

“ಇದ ನೋಡ್ರಿ ಅಜ್ಜಾರ. ಇದ ವಾಸನಿ. ಈ ಬುಡ ಕಾದು ಸುಟ್ಟಿದ್ದಕ್ಕ ಮೀನಿನಂಗ ನಾರತೈತಿ.”

ಕೊಟ್ರೇಶನ ಕೈ ಅವಸರ ಮಾಡಿತು.

“ಈಗಿಂದೀಗ ಸಣ್ಣ ತಂತಿ ಹಾಕತೀನ್ರಿ.”

“ಹಾಕು.”

ಸ್ಕ್ರೂ ತಿರುಗಿಸಿದ. ಸ್ಕ್ರೂ ಜೊತೆಗೆ ಹಲಗೆಯ ಚೂರೂ ಕೈಗೆ ಬಂತು. ಹಿಂದಿನ ವೈರು ಮುಟ್ಟಿದ. ಮೇಲಿನ ಹೊದಿಕೆ ವಿಭೂತಿಯಂತೆ ಉದುರಿತು.

“ತಂತಿಗೆ ಮುಗಿಯೂದಲ್ರಿ. ಇಡೀ ಬೋರ್ಡ ಬದಲಿ ಮಾಡಬೇಕು.”

“ಯಾವಾಗ ಮಾಡಬೇಕಿತ್ತು?”

ಕೊಟ್ರೇಶ ಕೈಯಲ್ಲಿದ್ದ ಹಲಗೆಯ ಚೂರನ್ನು ಕೆಳಗಿಟ್ಟ.

“ದಿನಾ ಫ್ಯೂಸ್ ಹೋಗಾಕ ಹತ್ತಿದಾಗರೀ.”

“ತಾಳಾಕ ಆಗವಲ್ದು ಅಂತ ಅದು ದಿನಾ ಹೇಳತಿತ್ತು. ನೀ ಅದರ ಬಾಯಿ ಮುಚ್ಚಿಸಿದಿ. ಆಮ್ಯಾಲೆ ಅದು ಒಳಗ ಸುಟ್ಟುಕೊಂತ ಕುಂತಿತು.”

ಗೋಡೆಯ ಆಚೆ ಬದಿಯಲ್ಲಿ ಹುಲಿಗೆಮ್ಮನ ಚಾಪೆ ಇತ್ತು. ಅದರ ಪಕ್ಕ ಹಾಸಿಗೆ ಹಿಡಿದ ಇಬ್ಬರು ಮುದುಕಿಯರು. ಬಾಗಿಲಿನಿಂದ ಅವರ ಕಾಲುಗಳು ಕಾಣುತ್ತಿದ್ದವು. ಕೊಟ್ರೇಶ ಆ ಕಾಲುಗಳನ್ನು ನೋಡುತ್ತ ನಿಂತ. ಬೆಂಕಿ ಹತ್ತಿದ್ದರೆ ಎದ್ದು ಓಡಲಾರದ ಕಾಲುಗಳು ಅವು.

ಇಷ್ಟರಲ್ಲಿ ಕರೆಂಟು ಹೋಯಿತೆಂದು ಉಳಿದ ಶಿಷ್ಯರೂ ಬಂದು ಸೇರಿದ್ದರು. ಅಜ್ಜಾರು ಒಬ್ಬನನ್ನು ಊರಿಗೆ ಅಟ್ಟಿದರು, ಎಲೆಕ್ಟ್ರಿಷಿಯನ್ನನ್ನು ಕರೆತರಲು. ಹೊಸ ಬೋರ್ಡು ಕೂರುವ ತನಕ ಯಾರೂ ಮೇನ್ ಮುಟ್ಟಕೂಡದು, ನೀರು ಹೊಳೆಯಿಂದ ಬರಲಿ, ಹೊರುವವನು ಕೊಟ್ರೇಶ ಎಂದರು.

ಕೊಟ್ರೇಶ ಹುಲಿಗೆಮ್ಮನ ಮುಂದೆ ಹೋಗಿ ಕೈಮುಗಿದ.

“ತಪ್ಪಾತವ್ವ. ಗಂಟು ಬಿಚ್ಚು. ನೀ ಎಲ್ಲಿಗೂ ಹೋಗಬ್ಯಾಡ.”

ಅವಳು ಗಂಟು ಬಿಚ್ಚಲಿಲ್ಲ. ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಮೂರು ತಿಂಗಳಿನಿಂದ ಅವಳ ದನಿಯನ್ನು ಸರಿಯಾಗಿ ಕೇಳಿದವರೇ ಅಲ್ಲಿರಲಿಲ್ಲ.

“ತಪ್ಪಾತು ಅಂದ್ರ ಆತೇನ್ರಿ? ನನ್ನ ಕೈಲೆ ಬಡಿಸಿಕೊಂಡು, ನನ್ನೆದುರಿಗೇ ತಾಟು ಮೂಸಿ ನೋಡಿದ್ರಿ. ಹಗ್ಗದ ಮ್ಯಾಲೆ ನಿಮ್ಮ ಅರಿವಿ ಜೋಡಿ ನನ್ನ ಸೀರಿ ಇದ್ರ, ಕೋಲಿಲೆ ಎತ್ತಿ ಬೇಲಿಗೆ ಒಗದ್ರಿ. ಮೊನ್ನೆ ನನ್ನ ಟ್ರಂಕು ತಗದ್ರಿ. ಏನಿತ್ತು ಅದರಾಗ? ಸತ್ತ ಗಂಡಂದು ಒಂದು ಅಂಗಿ ಇತ್ತು. ತೊಳದ್ರ ಅವನ ವಾಸನಿ ಹೋಗತೈತಂತ ನಾ ತೊಳದಿದ್ದಿಲ್ಲ. ಅದನ್ನೂ ಕೈಯಿಂದ ಕೈಗೆ ದಾಟಿಸಿ ಮೂಸಿದ್ರಿ. ನಾ ಬಾಗಿಲದಾಗ ನಿಂತು ನೋಡತಿದ್ದೆ. ಆವತ್ತ...”

“ಏ ಹುಲಿಗೆಮ್ಮ, ಅಜ್ಜಾರ ಮುಂದ ದನಿ ಏರಸಬ್ಯಾಡ,” ಎಂದ ಒಬ್ಬ.

“ಕೈ ಮುಗದಾನಲ್ಲ, ಸಾಕು ಬಿಡು,” ಎಂದ ಇನ್ನೊಬ್ಬ.

ಅವಳ ಬಾಯಿ ಮುಚ್ಚಿತು. ಅಜ್ಜಾರ ಕಡೆ ತಿರುಗಿ ಮೊದಲಿನ ಸಣ್ಣ ದನಿಯಲ್ಲಿ ಹೇಳಿದಳು:

“ನಾ ಇರಬೇಕೋ ಹೋಗಬೇಕೋ, ಅಷ್ಟು ಹೇಳಿಬಿಡ್ರಿ ಅಜ್ಜಾರ.”

ಅಜ್ಜಾರು ಅಡುಗೆಮನೆಯ ನೆಲದ ಮೇಲೆ, ಅವಳೆದುರು ಕುಳಿತರು. ಕೊಟ್ರೇಶನಿಗೂ ಉಳಿದವರಿಗೂ ಕೂರಲು ಕೈ ಮಾಡಿದರು. ಎಲ್ಲರೂ ಕೂರುವ ತನಕ ಕಾದರು.

“ಇರೂದು ಹೋಗೂದು ನಿನಗ ಬಿಟ್ಟದ್ದವ್ವ. ಮೊದಲ ಆ ಅಂಗಿ ಮಾತು ಮುಗಸು.”