ಒನಕೆಯ ಭಾರ

"ತಾಯಿ, ಮುಟ್ಟು ನಿಂತ ಮೇಲೆ ಮೈಯಾಗಿನ ಕಸುವೂ ನಿಂತೇ ಹೋಗ್ತೈತಾ?"

ಕೇಳಿದವಳು ಆಶ್ರಮದ ಅಡುಗೆ ನೋಡಿಕೊಳ್ಳುವ ಶಿಷ್ಯೆ ಕೊಟ್ರಮ್ಮ. ಈಚೆಗೆ ಅನ್ನದ ಹಂಡೆ ಇಳಿಸಲು ಅವಳಿಗೆ ಇನ್ನೊಬ್ಬರ ಕೈ ಬೇಕಾಗುತ್ತಿತ್ತು. ಕೂರು ಎಂದರೆ ಕೂರಲಿಲ್ಲ. ಕಂಬದಿಂದ ಕಂಬಕ್ಕೆ ತಿರುಗುತ್ತಲೇ ಇದ್ದಳು. ಗುರುತಾಯಿ ಅವಳನ್ನು ತಡೆಯಲಿಲ್ಲ. ತಿರುಗುವವಳಿಗೇ ಕತೆ ಹೇಳಿದರು.

ಒಬ್ಬ ರೈತನ ಹೆಂಡತಿ ಇದ್ದಳು. ಅವಳ ಊರಿನಲ್ಲಿ ಭತ್ತ ಕುಟ್ಟುವುದೆಂದರೆ ಒಂದು ಒರಳಿಗೆ ಇಬ್ಬರು ಹೆಂಗಸರು. ಎದುರುಬದುರು ನಿಂತು, ಒಬ್ಬಳ ಒನಕೆ ಏರುವಾಗ ಇನ್ನೊಬ್ಬಳದು ಇಳಿಯಬೇಕು. ಹರೆಯದಿಂದಲೂ ಇವಳ ಎದುರು ನಿಂತವರೇ ಮೊದಲು ಸುಸ್ತಾಗುತ್ತಿದ್ದರು. ಮುಟ್ಟಿನ ದಿನಗಳಲ್ಲಿ ಹೊರಗೆ ಕೂತವಳು ಸ್ನಾನ ಮಾಡಿ ಒಳಗೆ ಬಂದಳೆಂದರೆ ಒರಳಿಗೇ ಭಯ.

ಐವತ್ತರ ಹತ್ತಿರ ಅವಳ ಮುಟ್ಟು ನಿಂತಿತು. ಅವಳು ಹಿಗ್ಗಿದಳು. ತಿಂಗಳು ತಿಂಗಳು ಹರಿದುಹೋಗುತ್ತಿದ್ದ ರಕ್ತ ಇನ್ನು ಮೈಯಲ್ಲೇ ಉಳಿಯುತ್ತದೆ, ಕಸುವು ಎರಡರಷ್ಟಾಗುತ್ತದೆ ಎಂದುಕೊಂಡಳು. ಅಂದುಕೊಳ್ಳುವುದೇನೋ ಅಂದುಕೊಂಡಳು, ಮೈ ಕೇಳಬೇಕಲ್ಲ. ಒಂದೆರಡು ವರ್ಷದಲ್ಲಿ ಒನಕೆ ಎದೆಮಟ್ಟಕ್ಕೆ ಏರುವುದೇ ಕಷ್ಟವಾಯಿತು. ಎದುರು ನಿಂತ ಸೊಸೆಯ ಒನಕೆ ಗಾಳಿಯಲ್ಲಿ ನಿಂತು ಕಾಯತೊಡಗಿತು.

ಬರುವ ಮಾಘದಲ್ಲಿ ಮಗಳ ಮದುವೆ. ಆ ಮನೆತನದಲ್ಲಿ ಧಾರೆಯ ದಿನದ ಅಕ್ಕಿಯನ್ನು ಹೆತ್ತ ತಾಯಿಯೇ ಕುಟ್ಟಬೇಕು.

"ನೀವು ಶಾಸ್ತ್ರಕ್ಕೆ ಒಂದೇಟು ಹಾಕಿ ಕೂತ್ಕಳ್ರಿ ಅತ್ತೆ. ಉಳಿದದ್ದು ನಾ ನೋಡ್ಕಂತೀನಿ," ಎಂದಳು ಸೊಸೆ.

ಒಳ್ಳೆಯ ಮನಸ್ಸಿನಿಂದಲೇ ಅಂದಳು. ಅದೇ ಅತ್ತೆಗೆ ಚುಚ್ಚಿತು. ಅಂದಿನಿಂದ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಒರಳಿನ ಸುತ್ತ ಸುತ್ತಿ ಸುತ್ತಿ ಕೊನೆಗೆ ತಪ್ಪು ಯಾರದೆಂದು ಕಂಡುಹಿಡಿದಳು. ತಪ್ಪು ಒನಕೆಯದು! ಮಳೆಗಾಲದ ನೀರು ಕುಡಿದೂ ಕುಡಿದೂ ಅದು ಕೊಬ್ಬಿದೆ.

ಒನಕೆ ಹೊತ್ತು ಬಡಗಿಯ ಮನೆಗೆ ಹೋದಳು. ಬಡಗಿ ಸುತ್ತಲೂ ಕೆತ್ತಿಕೊಟ್ಟ. ಹಗುರವಾಯಿತು. ಕೆಲವು ದಿನ ಸುಖ. ಆಮೇಲೆ ಒನಕೆ ಮತ್ತೆ ಭಾರವಾಯಿತು. ಮತ್ತೆ ಬಡಗಿ. ಒನಕೆ ತೆಳ್ಳಗಾದಷ್ಟೂ ಅವಳ ತೋಳೂ ತೆಳ್ಳಗಾಯಿತು. ಬೆಳೆದದ್ದು ಬಡಗಿಯ ಒಲೆಯ ಮುಂದಿನ ಚಕ್ಕೆಯ ರಾಶಿ ಒಂದೇ. ಒರಳಿನಲ್ಲಿ ಭತ್ತ ಭತ್ತವಾಗಿಯೇ ಉಳಿಯುತ್ತಿತ್ತು. ಎಷ್ಟು ಬಡಿದರೂ ಸಿಪ್ಪೆ ಬಿಡಲಿಲ್ಲ.

ಒಂದು ಮಧ್ಯಾಹ್ನ ಅಡುಗೆಮನೆಯಿಂದ ಮಗಳು ಕೂಗಿದಳು.

"ಅವ್ವಾ, ಈ ಮುದ್ದೆಕೋಲು ಯಾವಾಗ ಮಾಡಿಸ್ದೆ? ಭಾಳ ಚೆಂದೈತೆ!"

ಹೋಗಿ ನೋಡಿದರೆ ಮದುವಣಗಿತ್ತಿ ಒನಕೆ ಹಿಡಿದು, ನಿಂತುಕೊಂಡೇ ಗಡಿಗೆಯಲ್ಲಿ ರಾಗಿ ಹಿಟ್ಟು ತಿರುವುತ್ತಿದ್ದಾಳೆ. ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ತಾಯಿ ನಗಲಿಲ್ಲ. ಒನಕೆ ಕಿತ್ತುಕೊಂಡವಳೇ, ಅಂಟಿದ ಹಿಟ್ಟಿನ ಸಮೇತ ಬಡಗಿಯ ಮುಂದೆ ಎಸೆದಳು.

"ಹೊಸದು ಮಾಡಿಕೊಡು. ಮೊದಲಿನಷ್ಟೇ ಭಾರ ಇರಬೇಕು."

"ಎತ್ತಾಕಾಗ್ತೈತೇನವ್ವಾ?"

"ಎತ್ತೋದು ನನ್ನ ಪಾಡು, ಕೆತ್ತೋದು ನಿನ್ನ ಪಾಡು. ಈ ಸಲ ಒಂದು ಚಕ್ಕೆ ಜಾಸ್ತಿ ಹಾರಿಸಿದ್ರೆ ನಿನ್ನ ಕೈ ಮುರಿದು ಹಾಕ್ತೀನಿ."

"ಯಾವ ಕೈಯಾಗೆ ಮುರೀತೀಯವ್ವಾ?" ಎಂದ ಬಡಗಿ. ಅಂದವನೇ ಹಿಂದಕ್ಕೆ ಸರಿದು ನಿಂತ.

ಹೊಸ ಒನಕೆ ಬಂತು. ಮೊದಲ ದಿನ ನಾಲ್ಕು ಏಟಿಗೇ ತೋಳು ಗಡಗಡ ನಡುಗಿತು. ಒನಕೆ ಇಳಿಸಿ ಕೂತಳು. ಮರುದಿನ ಕೈ ಎತ್ತಲಾಗದಷ್ಟು ನೋವು, ಸುಮ್ಮನಿದ್ದಳು. ಅದರ ಮರುದಿನ ಮತ್ತೆ ಎತ್ತಿದಳು. ಸೊಸೆ ಎದುರು ನಿಂತು ಕಾದಳು. ಈ ಸಲ ಕೂತ್ಕಳ್ರಿ ಎನ್ನಲಿಲ್ಲ. ಏಟು ಒಂದೊಂದಾಗಿ ಹೆಚ್ಚಿದವು. ಮದುವೆಗೆ ಉಳಿದ ದಿನಗಳೂ ಒಂದೊಂದಾಗಿ ಸರಿದವು. ಕಸುವು ಮೊದಲು ಬರುತ್ತದೋ ಮದುವೆ ಮೊದಲು ಬರುತ್ತದೋ ಎಂದು ಅವಳ ಎದೆ ಒನಕೆಗಿಂತ ಜೋರಾಗಿ ಬಡಿದುಕೊಳ್ಳುತ್ತಿತ್ತು.

ಮಾಘ ಬಂತು. ಅವಳು ಕುಟ್ಟಿದಳು, ಕೂತಳು, ಏದುಸಿರು ಬಿಟ್ಟಳು, ಎದ್ದು ಮತ್ತೆ ಕುಟ್ಟಿದಳು. ಹಿಂದೆ ಒಂದು ಬೆಳಗಿನಲ್ಲಿ ಮುಗಿಯುತ್ತಿದ್ದ ಕೆಲಸ ಸಂಜೆಗೆ ಮುಗಿಯಿತು. ಧಾರೆಯ ದಿನ ತಾಯಿ ಕುಟ್ಟಿದ ಅಕ್ಕಿಯೇ ಬೆಂದಿತು.

ಗುರುತಾಯಿ ಕತೆ ನಿಲ್ಲಿಸಿದರು. ಕೊಟ್ರಮ್ಮನಿಗೆ ಸಮಾಧಾನವಾಗಲಿಲ್ಲ.

"ಹಂಗಾದ್ರೆ ಹಳೇ ಕಸುವು ಪೂರಾ ವಾಪಸ್ ಬಂತಾ, ತಾಯಿ?"

"ಮೊದಲಿನಷ್ಟು ಬರಲಿಲ್ಲ, ಭತ್ತಕ್ಕೆ ಬೇಕಾದಷ್ಟು ಬಂತು."